ಮುದ್ದು ಮಾಡೋಕೆ ಬರೋದಾದ್ರೆ ಬೇಡ, ಮಗಳೇ

ಪ್ರೀತಿಯ ಪುಟ್ಟಿ,

ರಜೆಗೆ ನಮ್ಮ ವನ್ಯಜೀವಿ ರಕ್ಷಣಾ ಕೇಂದ್ರದ ತರಬೇತಿಗೆ ಸೇರ್ತೀನಿ ಅಂತ ಬರೆದಿದ್ದೀಯ. ಸಂತೋಷ. ಆದರೆ ಕಲಿಸೋಳು ಅಮ್ಮ ಅಂತ ರಿಯಾಯಿತಿ ಸಿಗಲ್ಲ, ಮೊದಲೇ ಹೇಳಿಬಿಡ್ತೀನಿ.

ಬರುವವರೆಲ್ಲ ಮೊದಲ ದಿನ ಕೇಳೋದು ಒಂದೇ: "ಮರಿಗಳಿಗೆ ಹಾಲು ಕುಡಿಸೋಕೆ ಯಾವಾಗ ಬಿಡ್ತೀರಾ?" ನಾನು ಅವರನ್ನು ಕೂರಿಸೋದು ಫೋನಿನ ಮುಂದೆ. ಬೇಸಿಗೆಯಲ್ಲಿ ಅದಕ್ಕೆ ಪುರುಸೊತ್ತೇ ಇರಲ್ಲ. "ಮೇಡಂ, ಹಕ್ಕಿಮರಿ ಬಿದ್ದಿದೆ, ತಾಯಿ ಇಲ್ಲ." ಮೈತುಂಬ ಪುಕ್ಕ ಬಂದಿದೆಯಾ, ಕುಪ್ಪಳಿಸ್ತಿದೆಯಾ ಅಂತ ವಿಚಾರಿಸಬೇಕು. ಹೌದು ಅಂದರೆ ಅದು ಅನಾಥ ಅಲ್ಲ, ಹಾರೋದು ಕಲೀತಿದೆ. ಬೆಕ್ಕಿಗೆ ಸಿಗದ ಹಾಗೆ ಪಕ್ಕದ ಪೊದೆಯಲ್ಲಿಟ್ಟು ದೂರದಿಂದ ನೋಡಿ ಅನ್ನಬೇಕು. ಮನುಷ್ಯ ಮುಟ್ಟಿದ ಮರಿಯನ್ನ ತಾಯಿ ಸೇರಿಸಲ್ಲ ಅಂತಾರಲ್ಲ, ಹಕ್ಕಿಗಳ ಮಟ್ಟಿಗೆ ಅದು ಸುಳ್ಳು. ಫೋನಿನ ಆ ಕಡೆ ಇರೋರಿಗೆ ಇದನ್ನ ನಂಬಿಸೋದು ಪಟ್ಟಿ ಕಟ್ಟೋದಕ್ಕಿಂತ ಕಷ್ಟ.

ಮಹಾರಾಷ್ಟ್ರದ ಜುನ್ನರ್ ಕಡೆ ಕಬ್ಬು ಕಡಿಯುವಾಗ ಚಿರತೆ ಮರಿಗಳು ಸಿಗುತ್ತವೆ. ವೈದ್ಯರು ಪರೀಕ್ಷೆ ಮಾಡಿ, ಕತ್ತಲಾಗುತ್ತಲೇ ಸಿಕ್ಕಿದ ಜಾಗದಲ್ಲೇ ಪೆಟ್ಟಿಗೆಯಲ್ಲಿಟ್ಟು, ಕ್ಯಾಮೆರಾ ಹಾಕಿ ಸರಿದುಬಿಡ್ತಾರೆ. ರಾತ್ರಿ ತಾಯಿ ಬಂದು ಕಚ್ಚಿಕೊಂಡು ಹೋಗುತ್ತೆ. ನನ್ನ ಲೆಕ್ಕದಲ್ಲಿ ಈ ಕೆಲಸದ ಅತ್ಯುತ್ತಮ ಚಿಕಿತ್ಸೆ ಅದೇ.

ನಿಜವಾಗಿ ತಾಯಿ ಇಲ್ಲದ ಮರಿ ಬಂದರೆ? ಕಣ್ಣು ಬಿಡದ ಅಳಿಲು ಮರಿ ಅಂತಿಟ್ಟುಕೋ. ಮೈ ತಣ್ಣಗಿದ್ದರೆ ಹಾಲು ಮುಟ್ಟಿಸಬಾರದು. ಮೊದಲು ಬೆಚ್ಚಗಾಗಬೇಕು, ಆಮೇಲೆ ಓಆರ್‌ಎಸ್, ಆಮೇಲೆ ಹಾಲು. ಹಸುವಿನ ಹಾಲಲ್ಲ, ಭೇದಿ ಹಿಡಿಯುತ್ತೆ. ನಾಯಿಮರಿಗೆ ಕೊಡೋ ಹಾಲಿನಪುಡಿ ಕಲಸಿದ್ದು. ಅಂಗಾತ ಮಲಗಿಸದೆ ಬೋರಲಾಗಿ ಹಿಡಿದು, ಸೂಜಿ ತೆಗೆದ ಸಿರಿಂಜಿನಲ್ಲಿ ಹನಿ ಹನಿಯಾಗಿ. ಮೂಗಿನಲ್ಲಿ ಗುಳ್ಳೆ ಕಂಡರೆ ತಕ್ಷಣ ನಿಲ್ಲಿಸು, ಹಾಲು ಶ್ವಾಸಕೋಶದ ದಾರಿ ಹಿಡಿದಿದೆ. ಕುಡಿಸಿದ ಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಕೆಳಗೆ ಒರೆಸಿದರೇನೇ ಉಚ್ಚೆ ಹೊಯ್ಯೋದು. ತಾಯಿ ನೆಕ್ಕಿ ಮಾಡಿಸೋ ಕೆಲಸ. ಎರಡು ಮೂರು ಗಂಟೆಗೊಮ್ಮೆ ಇಷ್ಟೂ ಮತ್ತೆ. ಮಧ್ಯೆ ಪಂಜರ ತೊಳೆಯೋದು. ತೊಳೆಯೋದೇ ಜಾಸ್ತಿ ಅಂತ ಗೊತ್ತಾಗುತ್ತಲೇ ಅರ್ಧ ಜನ ನಾಪತ್ತೆ.

ಗೂಬೆಮರಿ ಹತ್ತಿರ ಮಾತಾಡೋ ಹಾಗಿಲ್ಲ. ಉಣಿಸೋರ ಮುಖವನ್ನೇ ತನ್ನ ಜಾತಿ ಅಂದುಕೊಂಡುಬಿಟ್ಟರೆ ಅದು ಕಾಡಿಗೂ ಇಲ್ಲ, ನಮಗೂ ಇಲ್ಲ. ಮುಖ ಮುಚ್ಚಿಕೊಂಡು ಇಕ್ಕಳದಲ್ಲಿ ಕೊಟ್ಟು ಬರಬೇಕು. ಹೆಸರು ಇಡೋದು, ಸೆಲ್ಫಿ, ಎರಡೂ ನಿಷಿದ್ಧ.

ಹಾಗಂತ ಎಲ್ಲ ನಿರಾಶೆ ಅಲ್ಲ. ಅಸ್ಸಾಂನ ಕಾಜಿರಂಗದ ಪಕ್ಕ 2002ರಲ್ಲಿ ಶುರುವಾದ ಕೇಂದ್ರದಲ್ಲಿ ಬಾಟಲಿ ಹಾಲು ಕುಡಿದ ಘೇಂಡಾಮೃಗದ ಮರಿಗಳು ಮಾನಸ್ ಕಾಡಿಗೆ ಹೋಗಿ ತಾವೇ ತಾಯಂದಿರಾಗಿವೆ.

ಆಷಾಢದ ಗಾಳಿಗೆ ಗಾಳಿಪಟ ಏಳುತ್ತಲೇ ಅದರ ದಾರಕ್ಕೆ ಸಿಕ್ಕಿ ಗಾಯಗೊಂಡ ಹದ್ದುಗಳು ಬರುತ್ತವೆ. ಮಾಂಜಾ ಅನ್ನೋ ಆ ನೈಲಾನ್ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಅಂಗಡಿಯವರಿಗೆ ಇನ್ನೂ ಸುದ್ದಿ ಮುಟ್ಟಿಲ್ಲವೇನೋ. ಮೂಳೆ ಮುರಿದದ್ದು ಕೂಡಬಹುದು. ರೆಕ್ಕೆಯ ಮುಂದಂಚಿನ ಪೊರೆಯಲ್ಲಿರೋ ಸ್ನಾಯುರಜ್ಜು ತುಂಡಾಗಿದ್ದರೆ ಮತ್ತೆ ಸರಿಯಾಗಿ ಹಾರೋದು ಬಹಳ ಅಪರೂಪ. ಬೇಟೆಯಾಡಲಾರದ ಹಕ್ಕಿಯನ್ನು ಹೊರಗೆ ಬಿಟ್ಟರೆ ಉಪವಾಸ ಕೆಡವಿದ ಹಾಗೆ. ದಯಾಮರಣದ ತೀರ್ಮಾನ ವೈದ್ಯರದ್ದು, ಆದರೆ ಹಿಡಿದುಕೊಳ್ಳೋ ಕೈ ನಿನ್ನದಿರಬಹುದು. ಅಷ್ಟು ದಿನ ಸಾಕಿದ್ದೀವಲ್ಲ ಅನ್ನೋ ವಾದ ಅಲ್ಲಿ ನಡೆಯಲ್ಲ. ಇದು ನಿನ್ನಿಂದ ಆಗುತ್ತಾ, ಯೋಚನೆ ಮಾಡಿ ಬರೆ.

ಅಂದಹಾಗೆ, ರೂಮಿನಲ್ಲಿ ಗಿಳಿ ಸಾಕಿರೋ ನಿನ್ನ ಗೆಳತಿಗೆ ಹೇಳು, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ.

ಬರೋದೇ ಆದರೆ ರೇಬಿಸ್ ಲಸಿಕೆ ಈಗಲೇ ಶುರುಮಾಡು. ಮೊದಲನೆಯದು ಹಾಕಿಸಿಕೊಂಡ ದಿನದಿಂದ ಏಳು ದಿನಕ್ಕೆ ಎರಡನೆಯದು, 21 ಅಥವಾ 28 ದಿನಕ್ಕೆ ಮೂರನೆಯದು. ಉಗುರು ಕತ್ತರಿಸಿಕೋ, ಸೆಂಟು ಬೇಡ. ಅಜ್ಜಿಯ ಹಳೇ ಕಾಟನ್ ಸೀರೆಗಳಿದ್ದರೆ ಕಟ್ಟಿಕೊಂಡು ಬಾ. ಟರ್ಕಿ ಟವೆಲ್ ಮಾತ್ರ ತರಬೇಡ, ಅದರ ದಾರಕ್ಕೆ ಮರಿಗಳ ಉಗುರು ಸಿಕ್ಕಿಹಾಕಿಕೊಳ್ಳುತ್ತೆ.

ನಿನ್ನ
ಅಮ್ಮ