ಯಾವ ರಾತ್ರಿಗೆ ರೂಮು ಹಿಡಿಯಬೇಕು, ಯಾವುದನ್ನು ಬಿಡಬೇಕು: ಮಗಳಿಗೊಂದು ಪತ್ರ

ಸೋಮವಾರಪೇಟೆ

ಮಗಳೇ,

ಬೆಂಗಳೂರಿನಿಂದ ಕೊಡಗಿಗೆ ನಾಲ್ಕು ಜನ, ಒಂದು ಕಾರು, ಐದು ರಾತ್ರಿ. "ಏನೂ ಬುಕ್ ಮಾಡಿಲ್ಲಮ್ಮ, ಹೋದ ಕಡೆ ನೋಡ್ಕೊಳ್ತೀವಿ" ಅಂದೆಯಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ "ಸರಿ ಸರಿ" ಅಂತ ಇಟ್ಟುಬಿಡುತ್ತೀಯ.

ಐದೂ ರಾತ್ರಿಗೆ ಮುಂಗಡ ಕಟ್ಟಿ ಬಾ ಎಂದು ನಾನು ಹೇಳುವುದಿಲ್ಲ. ಹಾಗೆ ಮಾಡಿದರೆ ಎಲ್ಲಿ ಚೆನ್ನಾಗಿದೆಯೋ ಅಲ್ಲಿ ಕೂರಲಾಗದೆ ದಿನಾ ಸಂಜೆ ಗಡಿಯಾರ ನೋಡಿಕೊಂಡು ಓಡಬೇಕು. ಆದರೆ ಏಪ್ರಿಲ್ ಕೊನೆಯ ವಾರದಲ್ಲಿ ಐದೂ ರಾತ್ರಿಯನ್ನು ದೇವರ ಮೇಲೆ ಬಿಟ್ಟು ಬರಲೂ ಬೇಡ. ರಾತ್ರಿ ರಾತ್ರಿಗೂ ವ್ಯತ್ಯಾಸವಿದೆ. ಅದನ್ನಷ್ಟು ತಿಳಿದುಕೊಂಡರೆ ಸಾಕು.

ಮೊದಲು ಬುಧವಾರ ರಾತ್ರಿ. ಇದನ್ನು ಬುಕ್ ಮಾಡಲೇಬೇಕು. ಕೆಲಸ ಮುಗಿಸಿ ಐದು ಗಂಟೆಗೆ ಹೊರಟರೂ ಕೆಂಗೇರಿ ದಾಟುವಾಗ ಆರೂವರೆ. ಮೈಸೂರಿನವರೆಗೆ ಎಕ್ಸ್‌ಪ್ರೆಸ್‌ವೇ ಇದೆ, ಸರಿ. ಆಮೇಲೆ ಇಲವಾಲ, ಹುಣಸೂರು, ಪಿರಿಯಾಪಟ್ಟಣ ಎಂದು ಊರೂರು ಹಾಯ್ದು, ಹಂಪು ಎಣಿಸಿಕೊಂಡು ಬರಬೇಕು. ಊಟಕ್ಕೆ ನಿಲ್ಲಿಸಿದರೆ ಕುಶಾಲನಗರ ಮುಟ್ಟುವಾಗ ಹನ್ನೊಂದು ಆಗುತ್ತದೆ. ಆ ಹೊತ್ತಿನಲ್ಲಿ ಅಲ್ಲಿಂದ ಮೇಲೆ ಮಡಿಕೇರಿಗೆ 30 ಕಿ.ಮೀ. ಹತ್ತಬೇಡಿ. ರಸ್ತೆ ಕೆಟ್ಟದ್ದೆಂದಲ್ಲ. ದಿನವಿಡೀ ಕೆಲಸ ಮಾಡಿ, ಆರು ಗಂಟೆ ಸ್ಟಿಯರಿಂಗ್ ಹಿಡಿದ ಕೈಗೆ ಮಂಜು ಮತ್ತು ತಿರುವು ಎರಡೂ ಒಟ್ಟಿಗೆ ಬೇಡ. ಕುಶಾಲನಗರದಲ್ಲಿ ಹೆದ್ದಾರಿ ಬದಿಯಲ್ಲೇ, ಕಾರು ಒಳಗೆ ನಿಲ್ಲಿಸಲು ಜಾಗವಿರುವ ಸಾಧಾರಣ ಲಾಡ್ಜ್ ಸಾಕು. ಮಲಗುವುದು ಆರು ಗಂಟೆ, ಅದಕ್ಕೆ ನದಿ ಕಾಣುವ ಕಿಟಕಿ ಯಾಕೆ? ಬುಕ್ ಮಾಡಿದ ಮೇಲೆ ಒಮ್ಮೆ ಫೋನ್ ಮಾಡಿ "ಬರುವಾಗ ಹನ್ನೊಂದಾಗುತ್ತೆ, ರೂಮು ಇಟ್ಟಿರಿ" ಎಂದು ಹೇಳು. ಆಪ್‌ನಲ್ಲಿ ದುಡ್ಡು ಕಟ್ಟಿದ್ದರೂ ಹತ್ತು ಗಂಟೆಯವರೆಗೆ ಕಾದು, ಇನ್ನು ಬರುವುದಿಲ್ಲವೆಂದು ಬೇರೆಯವರಿಗೆ ಕೊಟ್ಟುಬಿಡುವ ಕೌಂಟರುಗಳಿವೆ.

ಗುರುವಾರ, ಶುಕ್ರವಾರ ಎರಡನ್ನೂ ಖಾಲಿ ಬಿಡು. ವಾರದ ನಡುವೆ ಮಡಿಕೇರಿಯಲ್ಲಿ ನಾಲ್ಕು ಜನಕ್ಕೆ ಎರಡು ರೂಮು ಸಿಗದೇ ಇರುವುದು ಅಪರೂಪ. ಬಸ್ ಸ್ಟ್ಯಾಂಡ್ ಸುತ್ತ ಲಾಡ್ಜುಗಳಿವೆ, ರಾಜಾಸೀಟ್ ಹತ್ತಿರ ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಮಯೂರ ವ್ಯಾಲಿ ವ್ಯೂ ಹೋಟೆಲ್ ಇದೆ, ಊರಿನ ಹೊರಗೆ ಹೋಂಸ್ಟೇಗಳು ಬೇಕಾದಷ್ಟು. ನೇರವಾಗಿ ಹೋಗಿ ಕೇಳಿದರೆ ರೂಮು ನೋಡಿ ಒಪ್ಪಿಕೊಳ್ಳಬಹುದು, ರೇಟೂ ಸ್ವಲ್ಪ ಇಳಿಯುತ್ತದೆ. ಶುಕ್ರವಾರದ ಮಟ್ಟಿಗೆ ಮಾತ್ರ ಒಂದು ಎಚ್ಚರ: ಬೆಂಗಳೂರಿನ ಕಾರುಗಳು ಸಂಜೆ ಆರರ ನಂತರ ಬಂದು ತುಂಬಿಕೊಳ್ಳುತ್ತವೆ, ನೀವು ಅದಕ್ಕೆ ಮೊದಲೇ ರೂಮಿನಲ್ಲಿ ಬ್ಯಾಗ್ ಇಟ್ಟಿರಬೇಕು.

ಖಾಲಿ ಬಿಟ್ಟ ದಿನಕ್ಕೆ ಒಂದೇ ಕಟ್ಟಳೆ. ಮಧ್ಯಾಹ್ನ ಮೂರು ಗಂಟೆಗೆ, ಎಲ್ಲಿದ್ದರೂ ಕಾರು ನಿಲ್ಲಿಸಿ, ಇವತ್ತು ಎಲ್ಲಿ ಮಲಗುತ್ತೇವೆ ಎಂದು ತೀರ್ಮಾನ ಮಾಡಿ ಫೋನ್ ಮಾಡಬೇಕು. ಐದು ಗಂಟೆಗೆ ಮಾಡೋಣ ಅನ್ನಬೇಡ. ಕಾರಣ ಹೇಳುತ್ತೇನೆ ಕೇಳು. ಏಪ್ರಿಲ್‌ನಲ್ಲಿ ಮೂರು ನಾಲ್ಕು ಗಂಟೆಯ ಮೇಲೆ ಗುಡುಗು ಸಿಡಿಲಿನ ಮಳೆ ಹೊಡೆಯುವ ದಿನಗಳು ಜಾಸ್ತಿ. ಒಂದು ಮರ ಲೈನಿನ ಮೇಲೆ ಬಿದ್ದರೆ ಕರೆಂಟ್ ಹೋಗುತ್ತದೆ, ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಕೈಕೊಟ್ಟು ನೆಟ್‌ವರ್ಕ್ ಹೋಗುತ್ತದೆ. ಆಗ ನಿನ್ನ ಆಪ್ ಇದ್ದೂ ಇಲ್ಲದಂತೆ. ಇನ್ನೊಂದು ದೂರದ ಲೆಕ್ಕ. ಇಲ್ಲಿನ ಒಳರಸ್ತೆಗಳಲ್ಲಿ ಗಂಟೆಗೆ 25ರಿಂದ 30 ಕಿ.ಮೀ. ಸಾಗಿದರೆ ಹೆಚ್ಚು. ಮಡಿಕೇರಿಯಿಂದ ಭಾಗಮಂಡಲ 40 ಕಿ.ಮೀ. ಹತ್ತಿರ, ಅಲ್ಲಿಂದ ತಲಕಾವೇರಿ ಇನ್ನೂ 8. ತಲಕಾವೇರಿಯಲ್ಲಿ ಐದೂವರೆಗೆ ಮೆಟ್ಟಿಲಿಳಿದು ರೂಮು ಹುಡುಕಲು ಹೊರಟರೆ ಕತ್ತಲೆ ನಿಮಗಿಂತ ಮೊದಲು ಮಡಿಕೇರಿ ಮುಟ್ಟಿರುತ್ತದೆ.

ಕತ್ತಲೆಗೆ ಹೆದರಿಸುತ್ತಿದ್ದೇನೆ ಅಂದುಕೊಳ್ಳಬೇಡ. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ, ಅಮ್ಮತ್ತಿ, ತಿತಿಮತಿ ಕಡೆ ಆನೆಗಳು ಕಾಡಿನಲ್ಲಿ ಮಾತ್ರ ಇರುವುದಿಲ್ಲ, ಕಾಫಿ ತೋಟದಲ್ಲೂ ಇರುತ್ತವೆ. ಸಂಜೆಯ ಮೇಲೆ ಮತ್ತು ಬೆಳಗಿನ ಜಾವ ಒಂದು ತೋಟದಿಂದ ಇನ್ನೊಂದಕ್ಕೆ ರಸ್ತೆ ದಾಟುತ್ತವೆ. ಎರಡೂ ಬದಿ ಬೇಲಿ, ಮಧ್ಯೆ ಒಂದು ಕಾರು ಹೋಗುವಷ್ಟು ಟಾರು. ಎದುರಿಗೆ ಬಂದರೆ ಕಾರು ತಿರುಗಿಸಲೂ ಜಾಗವಿರುವುದಿಲ್ಲ. ಅಂಥ ರಸ್ತೆಯಲ್ಲಿ ಏಳು ಗಂಟೆಗೆ ಬೋರ್ಡ್ ಓದಿಕೊಂಡು ನಿಧಾನಕ್ಕೆ ಹೋಂಸ್ಟೇ ಹುಡುಕುವುದು ಸಾಹಸವಲ್ಲ, ದಡ್ಡತನ. "ಸಿಗದಿದ್ದರೆ ಕಾರಲ್ಲೇ ಮಲಗ್ತೀವಿ" ಎಂಬ ಮಾತು ನಿನ್ನ ಗುಂಪಿನಲ್ಲಿ ಯಾರೋ ಹೇಳಿಯೇ ಹೇಳುತ್ತಾರೆ. ತೋಟದ ರಸ್ತೆಯಲ್ಲಿ ಬೇಡವೇ ಬೇಡ.

ಸಿಗದಿದ್ದರೆ ಎಲ್ಲಿಗೆ ಇಳಿಯಬೇಕೆಂದು ಮೊದಲೇ ಗೊತ್ತಿರಲಿ. ಭಾಗಮಂಡಲ ಕಡೆಯಿಂದ ಮಡಿಕೇರಿಗೆ, ಕಕ್ಕಬ್ಬೆ ನಾಪೋಕ್ಲು ಕಡೆಯಿಂದ ವಿರಾಜಪೇಟೆಗೆ, ಇರ್ಪು ಕುಟ್ಟ ಕಡೆಯಿಂದ ಗೋಣಿಕೊಪ್ಪಕ್ಕೆ. ಎಲ್ಲೂ ಆಗದಿದ್ದರೆ ಕುಶಾಲನಗರ. ಕುಟ್ಟದಿಂದ ನಾಗರಹೊಳೆ ಕಾಡಿನೊಳಗೆ ಹುಣಸೂರಿಗೆ ಹೋಗುವ ರಸ್ತೆ ಮ್ಯಾಪಿನಲ್ಲಿ ಹತ್ತಿರ ಕಾಣುತ್ತದೆ. ಸಂಜೆ ಆರಕ್ಕೆ ಗೇಟ್ ಹಾಕಿದರೆ ಬೆಳಿಗ್ಗೆ ಆರಕ್ಕೇ ತೆಗೆಯುವುದು. ಅದನ್ನು ನಂಬಿ ಹೊರಡಬೇಡಿ.

ಈಗ ಶನಿವಾರ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗಳಿಗೆ ರಜೆ, ಹಾಗಾಗಿ ಯಾವ ಶನಿವಾರವೂ ಖಾಲಿಯಿಲ್ಲ. ಅದರ ಮೇಲೆ ಎರಡು ವಿಷಯ ಬೆಂಗಳೂರಿನಲ್ಲಿ ಕೂತವರಿಗೆ ಹೊಳೆಯುವುದಿಲ್ಲ. ಒಂದು, ಮದುವೆ. ಏಪ್ರಿಲ್ ಮೇ ತಿಂಗಳಲ್ಲಿ ಕೊಡವ ಸಮಾಜಗಳು, ಕಲ್ಯಾಣ ಮಂಟಪಗಳು ಬಿಡುವಿಲ್ಲದೆ ನಡೆಯುತ್ತವೆ. ಹೊರಗಿನಿಂದ ಬರುವ ನೆಂಟರಿಗಾಗಿ ಒಂದಿಡೀ ಲಾಡ್ಜನ್ನು ಎರಡು ದಿನಕ್ಕೆ ಹಿಡಿದಿಟ್ಟಿರುತ್ತಾರೆ; ಆಪ್‌ನಲ್ಲಿ "ರೂಮಿಲ್ಲ" ಎಂದಷ್ಟೇ ಕಾಣುತ್ತದೆ. ಇನ್ನೊಂದು, ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಶುರುಮಾಡಿದ, ಕೊಡವ ಮನೆತನಗಳು ತಂಡ ಕಟ್ಟಿ ಆಡುವ ಕೊಡವ ಕೌಟುಂಬಿಕ ಹಾಕಿ ಈಗ ಎಷ್ಟು ಬೆಳೆದಿದೆಯೆಂದರೆ 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ, 2025ರಲ್ಲಿ ಮಡಿಕೇರಿಯಲ್ಲಿ 396 ತಂಡ. ಮಾರ್ಚ್ ಕೊನೆಗೆ ಶುರುವಾಗಿ ತಿಂಗಳು ನಡೆದು, ಆ ಎರಡು ವರ್ಷವೂ ಫೈನಲ್ ಬಿದ್ದದ್ದು ಏಪ್ರಿಲ್ ಕೊನೆಯ ಭಾನುವಾರ. ನೀವು ಬರುತ್ತಿರುವುದೂ ಅದೇ ವಾರ. ಈ ಸಲ ಮೈದಾನ ಯಾವ ಊರಿನಲ್ಲಿ, ಫೈನಲ್ ಯಾವತ್ತು ಎಂದು ನೋಡಿಕೊಂಡು, ಆ ಊರನ್ನೂ ಅದರ ಸುತ್ತಿನ ಹದಿನೈದು ಕಿ.ಮೀ.ಯನ್ನೂ ಆ ಶನಿವಾರ ಭಾನುವಾರಕ್ಕೆ ಮರೆತುಬಿಡು. ಅಥವಾ ಫೈನಲ್ ನೋಡಲೆಂದೇ ಬನ್ನಿ, ಅದೂ ಒಳ್ಳೆಯದೇ, ಆದರೆ ರೂಮನ್ನು ಇವತ್ತೇ ಹಿಡಿ.

ನನ್ನ ಸಲಹೆ ಬೇರೆಯೇ ಇದೆ. ಭಾನುವಾರ ಮನೆಗೆ ಬರುತ್ತೇವೆ ಅಂದಿದ್ದೀಯ, ಅದನ್ನು ಶನಿವಾರಕ್ಕೆ ಬದಲಾಯಿಸು. ಎಲ್ಲೂ ರೂಮು ಸಿಗದ, ಸಿಕ್ಕರೂ ದುಬಾರಿಯಾದ ರಾತ್ರಿ ನೀವು ಮನೆಯಲ್ಲಿ ಮಲಗಿ. ಭಾನುವಾರ ಹನ್ನೊಂದು ಗಂಟೆಗೆ ಹೋಂಸ್ಟೇಗಳೆಲ್ಲ ಖಾಲಿಯಾಗುತ್ತವೆ. ಶನಿವಾರ ಫೋನೇ ಎತ್ತದ ಮಾಲೀಕರು ಭಾನುವಾರ ಮಧ್ಯಾಹ್ನ ಅವರಾಗಿಯೇ ರೇಟು ಇಳಿಸಿ ಮಾತಾಡುತ್ತಾರೆ. ಹೊಳೆ ಬದಿಯ ಒಳ್ಳೆಯ ರೂಮಿಗೆ ಆಸೆಪಟ್ಟಿದ್ದರೆ ಅದು ಭಾನುವಾರದ್ದಾಗಲಿ. ಸೋಮವಾರ ವಿರಾಜಪೇಟೆ, ಗೋಣಿಕೊಪ್ಪ, ತಿತಿಮತಿ ಮೇಲೆ ಹುಣಸೂರಿಗೆ ಇಳಿದರೆ ವಾಪಸ್ ದಾರಿಯೂ ಸಲೀಸು. (ನೀನು ಒಂದು ದಿನ ಮೊದಲು ಮನೆಗೆ ಬರಲಿ ಎಂಬುದೂ ಇದರಲ್ಲಿ ಸೇರಿದೆ, ಇಲ್ಲ ಅನ್ನುವುದಿಲ್ಲ.) ನಿನ್ನ ಗೆಳತಿಯರು ಒಪ್ಪದಿದ್ದರೆ ಶನಿವಾರದ ರೂಮನ್ನು ಕನಿಷ್ಠ ಎರಡು ವಾರ ಮೊದಲೇ ಹಿಡಿಯಬೇಕು.

ನೀನು ಕಕ್ಕಬ್ಬೆ ಅಂದಿದ್ದೆ, ತಡಿಯಂಡಮೋಳ್ ಬೆಟ್ಟ ಹತ್ತಬೇಕು ಅಂತ. ಅದು 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು. ಬೆಟ್ಟಕ್ಕೆ ಬಿಡುತ್ತಾರಾ ಎಂದು ಮೊದಲು ವಿಚಾರಿಸಿ, ಆಮೇಲೆ ರೂಮಿಗೆ ಮುಂಗಡ ಕೊಡು. ಹಿಂದುಮುಂದಾದರೆ ಬೆಟ್ಟದ ಬುಡದಲ್ಲಿ ಕೂತು ಬೆಟ್ಟ ನೋಡುವುದೇ ಆಗುತ್ತದೆ. ಹಾಗೆಯೇ "ಫಾಲ್ಸ್ ವ್ಯೂ", "ರಾಫ್ಟಿಂಗ್ ಪ್ಯಾಕೇಜ್" ಎಂದು ಹೆಚ್ಚು ಕೇಳಿದರೆ ಕೊಡಬೇಡ. ಏಪ್ರಿಲ್‌ನಲ್ಲಿ ಅಬ್ಬಿ ಜಲಪಾತದಲ್ಲೇ ನೀರು ಸಣಕಲು, ಬರಪೊಳೆ ನದಿಯ ರಾಫ್ಟಿಂಗ್ ಮಳೆಗಾಲದ್ದು.

ಹೋಂಸ್ಟೇಗೆ ಫೋನ್ ಮಾಡಿದಾಗ "ರೂಮುಂಟಾ?" ಎಂದು ಕೇಳಿ ಇಡಬೇಡ. ಕಾರು ಅಂಗಳದವರೆಗೆ ಬರುತ್ತದಾ ಎಂದು ಕೇಳು. ಫೋಟೋದಲ್ಲಿ ಮನೆ ಕಾಣುತ್ತದೆ, ಮನೆಗೆ ಹೋಗುವ ದಾರಿ ಕಾಣುವುದಿಲ್ಲ. ಕೊನೆಯ ಒಂದೆರಡು ಕಿ.ಮೀ. ತೋಟದ ಮಣ್ಣಿನ ದಾರಿಯಾಗಿದ್ದರೆ, ನಡುವೆ ಏರಿರುವ ದಿಬ್ಬಕ್ಕೆ ನಿಮ್ಮ ಸೆಡಾನಿನ ಹೊಟ್ಟೆ ಉಜ್ಜುತ್ತದೆ. ನಾಲ್ಕು ಜನ ಮತ್ತು ಲಗೇಜ್ ಇದ್ದರಂತೂ ಖಂಡಿತ. ಒಂದು ಮಳೆ ಬಿದ್ದರೆ ಏರಿನಲ್ಲಿ ಚಕ್ರ ನಿಂತಲ್ಲೇ ತಿರುಗುತ್ತದೆ. ಕೆಲವರು ರಸ್ತೆಯಿಂದ ಜೀಪ್ ಕಳಿಸುತ್ತಾರೆ. ಹಾಗಾದರೆ ಜೀಪಿಗೆ ಬೇರೆ ದುಡ್ಡಾ, ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ, ಎಷ್ಟು ಗಂಟೆಯವರೆಗೆ ಜೀಪ್ ಬರುತ್ತದೆ, ಇವೂ ಬೇಕು. ಲೊಕೇಶನ್ ವಾಟ್ಸ್‌ಆಪ್‌ನಲ್ಲಿ ಕಳಿಸಲು ಹೇಳು, ಜೊತೆಗೆ ಹತ್ತಿರದ ಬಸ್ ಸ್ಟಾಪಿನ ಹೆಸರು ಕೇಳಿ ಕಾಗದದಲ್ಲಿ ಬರೆದುಕೋ. ಮ್ಯಾಪ್ ಎಷ್ಟೋ ಸಲ ಪಕ್ಕದ ಎಸ್ಟೇಟಿನ ಬೀಗ ಹಾಕಿದ ಗೇಟಿನ ಮುಂದೆ ತಂದು ನಿಲ್ಲಿಸುತ್ತದೆ. ಆಗ ನೆಟ್‌ವರ್ಕೂ ಇರುವುದಿಲ್ಲ. ಬಸ್ ಸ್ಟಾಪಿನ ಹೆಸರು ಹೇಳಿದರೆ ದಾರಿಹೋಕರಾದರೂ ತೋರಿಸುತ್ತಾರೆ. ಒಳಗಿನ ಊರುಗಳಲ್ಲಿ ಬೇರೇನೂ ಸಿಗದ ಕಡೆಯೂ ಬಿಎಸ್‌ಎನ್‌ಎಲ್ ಸಿಗುವುದುಂಟು, ನಿಮ್ಮಲ್ಲಿ ಯಾರ ಹತ್ತಿರವಾದರೂ ಆ ಸಿಮ್ ಇದ್ದರೆ ತನ್ನಿ.

ರೇಟು ಕೇಳುವಾಗ ರೂಮಿಗಾ, ತಲೆಗಾ ಎಂದು ಬಿಡಿಸಿ ಕೇಳು. ಲೆಕ್ಕಕ್ಕೆ ಹೇಳುತ್ತೇನೆ: ತಲೆಗೆ 1,800, ರಾತ್ರಿ ಊಟ ಬೆಳಗಿನ ತಿಂಡಿ ಸೇರಿ ಅಂದರೆ ನಾಲ್ವರಿಗೆ 7,200. ಇನ್ನೊಬ್ಬರು ರೂಮಿಗೆ 2,500 ಅಂದರೆ ಎರಡು ರೂಮಿಗೆ 5,000, ಅಗ್ಗ ಅನ್ನಿಸುತ್ತದೆ. ಆದರೆ ಊಟಕ್ಕೆ ತಲೆಗೆ 350, ತಿಂಡಿಗೆ 150 ಹಾಕಿದರೆ ಅದೂ 7,000. ತೋಟದ ಮಧ್ಯೆ ರಾತ್ರಿ ಎಂಟಕ್ಕೆ ಹೊರಗೆ ಹೋಗಿ ತಿನ್ನಲು ಹೋಟೆಲ್ ಇರುವುದಿಲ್ಲ, ಆದ್ದರಿಂದ ಊಟ ಸೇರಿಸಿಯೇ ಹೋಲಿಸು. ತಲೆ ಲೆಕ್ಕದಲ್ಲಿ ಅಡುಗೆ ಮಾಡುವವರಿಗೆ ಮೂರು ಗಂಟೆಗೆ ಫೋನ್ ಮಾಡಿದಾಗಲೇ ತಿಳಿಸಬೇಕು. ಪಂದಿಕರಿ (ಹಂದಿಮಾಂಸದ ಸಾರು), ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಎಷ್ಟು ಜನಕ್ಕೆ, ಸಸ್ಯಾಹಾರಿ ಎಷ್ಟು ಎಂದು. ಎಂಟು ಗಂಟೆಗೆ ಹೋಗಿ "ನಮ್ಮಲ್ಲೊಬ್ಬಳು ಮಾಂಸ ತಿನ್ನಲ್ಲ" ಅಂದರೆ ಅವಳಿಗೆ ಮೊಸರನ್ನ, ಉಪ್ಪಿನಕಾಯಿಯೇ ಗತಿ.

ತೆರಿಗೆಯ ವಿಷಯ ಒಂದಿದೆ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಈಗ ಜಿಎಸ್‌ಟಿ ಶೇ 5. 2025ರ ಸೆಪ್ಟೆಂಬರ್‌ಗೆ ಮೊದಲು ಶೇ 12 ಇತ್ತು. ಜಿಎಸ್‌ಟಿ ನೋಂದಣಿ ಬೇಕಿಲ್ಲದ ಸಣ್ಣ ಹೋಂಸ್ಟೇಯಾದರೆ ನೇರವಾಗಿ ಹಿಡಿದಾಗ ತೆರಿಗೆ ಬರುವುದಿಲ್ಲ, ಅದೇ ಮನೆಯನ್ನು ಆಪ್ ಮೂಲಕ ಹಿಡಿದರೆ ಆಪ್‌ನವರು ತೆರಿಗೆ ಸೇರಿಸುತ್ತಾರೆ. ಆಪ್‌ನಲ್ಲಿ ನೋಡು, ವಿಮರ್ಶೆ ಓದು, ಆಮೇಲೆ ಮನೆಯವರಿಗೇ ಫೋನ್ ಮಾಡು. ಬುಧವಾರದ ಕುಶಾಲನಗರದ ರೂಮು ಮಾತ್ರ, ಅದೇ ದಿನ ಮಧ್ಯಾಹ್ನದವರೆಗೂ ರದ್ದು ಮಾಡಿ ದುಡ್ಡು ವಾಪಸ್ ಪಡೆಯುವಂಥದ್ದನ್ನು ಆಪ್‌ನಲ್ಲೇ ಹಿಡಿ. ನಿಮ್ಮ ಆಫೀಸುಗಳನ್ನು ನಂಬುವಂತಿಲ್ಲ.

ನೇರವಾಗಿ ಮುಂಗಡ ಕಳಿಸುವಾಗ ಹುಷಾರು. ಹೋಂಸ್ಟೇ ಹೆಸರಿನಲ್ಲಿ ನಕಲಿ ಪೇಜ್ ಮಾಡುವವರಿದ್ದಾರೆ, ಮ್ಯಾಪಿನಲ್ಲಿರುವ ಫೋನ್ ನಂಬರನ್ನೇ ಬದಲಿಸಿಬಿಡುವವರೂ ಇದ್ದಾರೆ. ವೀಡಿಯೊ ಕಾಲ್ ಮಾಡಿ ರೂಮು, ಅಂಗಳ, ಗೇಟಿನ ಬೋರ್ಡ್ ತೋರಿಸಲು ಹೇಳು. ನಿಜವಾದ ಮನೆಯವರು ಎರಡು ನಿಮಿಷದಲ್ಲಿ ತೋರಿಸುತ್ತಾರೆ, ಮೋಸದವರು ಕಾರಣ ಹೇಳುತ್ತಾರೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳು. ಯುಪಿಐಯಲ್ಲಿ ದುಡ್ಡು ಒತ್ತುವ ಮೊದಲು ಬರುವ ಹೆಸರು ಮಾಲೀಕರು ಹೇಳಿದ ಹೆಸರೇ ಎಂದು ನೋಡು. ಪೂರ್ತಿ ಹಣ ಮೊದಲೇ ಕೇಳಿದರೆ ಬಿಟ್ಟುಬಿಡು, ಅರ್ಧಕ್ಕಿಂತ ಹೆಚ್ಚು ಕೊಡಬೇಡ. ರದ್ದಾದರೆ ಎಷ್ಟು ವಾಪಸ್ ಎಂಬುದು ವಾಟ್ಸ್‌ಆಪ್‌ನಲ್ಲಿ ಅಕ್ಷರದಲ್ಲಿ ಇರಲಿ. ಮೋಸದಲ್ಲಿ ದುಡ್ಡು ಹೋದರೆ, ಹೋಯಿತೆಂದು ಕೂರದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಅಂದಹಾಗೆ ನಾಲ್ವರ ಗುರುತಿನ ಚೀಟಿಯೂ ಬೇಕು, ಒಬ್ಬಳದ್ದು ಸಾಲದು.

ಶನಿವಾರವೋ ಭಾನುವಾರವೋ, ಮನೆಗೆ ಬರುವುದು ಯಾವತ್ತು ಎಂದು ಮಾತ್ರ ಹಿಂದಿನ ದಿನವೇ ಹೇಳು. ಅಟ್ಟದ ಮೇಲಿನ ಹಾಸಿಗೆ ಥಂಡಿ ಹಿಡಿದಿವೆ, ಒಂದು ಬಿಸಿಲು ಹಾಕಬೇಕು. ಮಡಿಕೇರಿಯಿಂದ ಮಾದಾಪುರದ ಮೇಲೆ ಬನ್ನಿ. ಮಧ್ಯಾಹ್ನದ ಮಳೆಗೆ ಮೊದಲು ಹೊರಟರೆ ಊಟಕ್ಕೆ ಇಲ್ಲಿರುತ್ತೀರಿ.

ಇಂತಿ,
ಅಮ್ಮ