ಬ್ರೆಡ್ ರೆಸಿಪಿಯಲ್ಲಿ ಕಪ್ ಬಿಟ್ಟು ಗ್ರಾಂ ಬರೆಯಿರಿ

ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಆಗಾಗ ‘ಮನೆಯಲ್ಲೇ ಬ್ರೆಡ್ ಮಾಡಿ’ ಅಂತ ರೆಸಿಪಿ ಬರುತ್ತದೆ. ಫೋಟೊ ಚೆನ್ನಾಗಿರುತ್ತದೆ. ಅದನ್ನು ನೋಡಿ ಮಾಡಿದವರ ಮನೆಯಲ್ಲಿ ಮಾತ್ರ ಬ್ರೆಡ್ ಉಬ್ಬುವುದಿಲ್ಲ, ಇಲ್ಲವೇ ಉಬ್ಬಿ ಓವನ್ನಿನೊಳಗೆ ಕುಸಿಯುತ್ತದೆ. ನಮ್ಮ ಬೀದಿಯಲ್ಲೇ ಇಂಥವರು ಇದ್ದಾರೆ, ಒಂದು ಸಲ ಮಾಡಿ ಕೈಬಿಟ್ಟು ಯೀಸ್ಟ್ ಡಬ್ಬವನ್ನು ಅಟ್ಟಕ್ಕೆ ಹಾಕಿದವರು. ಅವರ ಕೈಯಲ್ಲಿ ದೋಷವಿಲ್ಲ, ರೆಸಿಪಿಯಲ್ಲಿದೆ ಅನ್ನುವುದು ನನ್ನ ತಕರಾರು.

ಮೊದಲು ಈ ಕಪ್ ಲೆಕ್ಕ. ‘ಮೂರು ಕಪ್ ಮೈದಾ’ ಅಂದರೆ ಯಾವ ಕಪ್? ಅಳತೆಯ ಕಪ್ಪೇ ಅಂದುಕೊಳ್ಳೋಣ. ಜರಡಿ ಹಿಡಿದು ಉದುರಿಸಿ ತುಂಬಿದರೆ 120 ಗ್ರಾಂ ಹಿಡಿಯುತ್ತದೆ, ಡಬ್ಬದೊಳಗೆ ಅದುಮಿ ತೆಗೆದರೆ 150. ಮೂರು ಕಪ್ಪಿಗೆ ಹತ್ತಿರ ಹತ್ತಿರ 100 ಗ್ರಾಂ ಹಿಟ್ಟು ಹೆಚ್ಚುಕಮ್ಮಿ! ಹುಳಿಗೆ ಬೇಳೆ ಸ್ವಲ್ಪ ಜಾಸ್ತಿಯಾದರೆ ಯಾರೂ ಕೇಳುವುದಿಲ್ಲ, ಬ್ರೆಡ್ ಕೇಳುತ್ತದೆ. ನಾನು ಮಾಡುವ ಲೆಕ್ಕ ಇಷ್ಟು: 500 ಗ್ರಾಂ ಮೈದಾ, 310 ಗ್ರಾಂ ನೀರು, 10 ಗ್ರಾಂ ಉಪ್ಪು, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್, ಒಂದೊಂದು ಚಮಚ ಸಕ್ಕರೆ ಮತ್ತು ಎಣ್ಣೆ. ನೀರನ್ನೂ ತಕ್ಕಡಿಯಲ್ಲೇ ತೂಗುತ್ತೇನೆ. ಹಿಟ್ಟು ಮೊದಮೊದಲು ಕೈಗೆ ಅಂಟುತ್ತದೆ. ಆಗ ಪಕ್ಕದಲ್ಲಿ ನಿಂತ ನಮ್ಮ ಅತ್ತೆ, ‘ಏನಮ್ಮಾ ಇಷ್ಟು ನೀರಾಗಿದೆ, ಇನ್ನೊಂದು ಹಿಡಿ ಹಾಕು’ ಅನ್ನುತ್ತಾರೆ. ಚಪಾತಿ ಮಾಡಿದ ಕೈ ಅಲ್ವಾ, ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಆ ಒಂದು ಹಿಡಿ ಹಾಕಬಾರದು. ಹತ್ತು ನಿಮಿಷ ನಾದಿದರೆ ಅಂಟು ತಾನಾಗಿ ಹೋಗುತ್ತದೆ. ನಿಮ್ಮ ರೆಸಿಪಿಗಳಲ್ಲಿ ಈ ಮಾತು ಒಂದು ಸಲವೂ ನೋಡಿಲ್ಲ.

ಇನ್ನು ಹವಾಮಾನ. ‘ಬೆಚ್ಚಗಿನ ಜಾಗದಲ್ಲಿ ಎರಡು ಗಂಟೆ ಇಡಿ’ ಅಂತ ಬರೆಯುತ್ತೀರಿ. ಇದು ಚಳಿ ದೇಶದವರು ಅವರ ಅಡುಗೆಮನೆಗೆ ಬರೆದುಕೊಂಡ ಮಾತು. ಏಪ್ರಿಲ್‌ನಲ್ಲಿ ಮೈಸೂರು, ಮಂಡ್ಯದಲ್ಲಿ ಮಧ್ಯಾಹ್ನ 35 ಡಿಗ್ರಿ ಇರುತ್ತದೆ, ಆಗ ಬೆಚ್ಚಗಿನ ಜಾಗ ಹುಡುಕಿ ಎರಡು ಗಂಟೆ ಇಟ್ಟರೆ ಹಿಟ್ಟು ಮಿತಿ ಮೀರಿ ಉಬ್ಬಿ, ಹೆಂಡದ ವಾಸನೆ ಬಂದು, ಓವನ್ನಿಗೆ ಹೋಗುವ ಹೊತ್ತಿಗೆ ಅದರಲ್ಲಿ ಮೇಲೇಳುವ ಶಕ್ತಿಯೇ ಇರುವುದಿಲ್ಲ. ದೋಸೆ ಹಿಟ್ಟಿನ ವಿಷಯದಲ್ಲಿ ನಮಗೆ ಯಾರೂ ಇದನ್ನು ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಹೊತ್ತು ಮುಳುಗಿದ ಮೇಲೆ ರುಬ್ಬುತ್ತೇವೆ, ಚಳಿಗಾಲದಲ್ಲಿ ಮುಂಚೆ ರುಬ್ಬುತ್ತೇವೆ. ಬ್ರೆಡ್ಡಿಗೂ ಅದೇ ಬುದ್ಧಿ ಸಾಕು. ಬೇಸಿಗೆಗೆ ಯೀಸ್ಟ್ 3 ಗ್ರಾಂ, ಮಡಕೆಯ ತಣ್ಣೀರು, ಮುಕ್ಕಾಲು ಗಂಟೆಗೊಮ್ಮೆ ನೋಡುವುದು. ಡಿಸೆಂಬರ್ ರಾತ್ರಿಯಾದರೆ ಬೆಳಗಿನವರೆಗೂ ಹೊರಗೆ ಬಿಡಬಹುದು, ಆದರೆ ಯೀಸ್ಟ್ ಒಂದು ಚಿಟಿಕೆ ಸಾಕು. ಗಡಿಯಾರ ನೋಡಬೇಡಿ, ಹಿಟ್ಟು ಎರಡರಷ್ಟಾಯಿತೇ ನೋಡಿ ಅಂತ ಒಂದು ಸಾಲು ಬರೆದಿದ್ದರೂ ಎಷ್ಟೋ ಹಿಟ್ಟು ಉಳಿಯುತ್ತಿತ್ತು.

ಗೋಧಿ ಹಿಟ್ಟಿನದು ಬೇರೆಯೇ ಕತೆ. ಮೈದಾ ರೆಸಿಪಿಯಲ್ಲೇ ‘ಬೇಕಾದರೆ ಗೋಧಿ ಹಿಟ್ಟು ಬಳಸಿ’ ಅಂತ ಕೊನೆಗೆ ಸುಮ್ನೆ ಸೇರಿಸಿಬಿಡುತ್ತೀರಿ. ಫ್ಲೋರ್ ಮಿಲ್ಲಿನಲ್ಲಿ ಬೀಸಿಸಿದ ಹಿಟ್ಟು ಮೈದಾಕ್ಕಿಂತ ಜಾಸ್ತಿ ನೀರು ಕುಡಿಯುತ್ತದೆ, 500 ಗ್ರಾಂಗೆ 360 ಆದರೂ ಬೇಕು. ನಾದಿದಾಗ ಹಿಟ್ಟಿನಲ್ಲಿ ಗಾಳಿ ಹಿಡಿದಿಡುವ ಅಂಟು ಎಳೆ ಆಗುತ್ತದಲ್ಲ, ಆ ಗ್ಲುಟೆನ್ ಎಳೆಯನ್ನು ಅದರಲ್ಲಿರುವ ತೌಡು ಕತ್ತರಿಸುತ್ತದೆ, ಹಾಗಾಗಿ ಅಷ್ಟು ಎತ್ತರ ಬರುವುದಿಲ್ಲ. ನೀರು ಬೆರೆಸಿ ಅರ್ಧ ಗಂಟೆ ಸುಮ್ಮನೆ ಬಿಟ್ಟು ಆಮೇಲೆ ನಾದಿದರೆ ವಾಸಿ. ಪಾಯಸಕ್ಕೆ ತರುವ ಜವೆ ಗೋಧಿ ಆರೋಗ್ಯಕ್ಕೆ ಒಳ್ಳೆಯದು ಅಂತ ಅದರಲ್ಲೇ ಪೂರ್ತಿ ಬ್ರೆಡ್ ಮಾಡಲು ಹೋದರೂ ಕಷ್ಟ, ಅದರ ಗ್ಲುಟೆನ್‌ಗೆ ಬಲ ಕಮ್ಮಿ. ರಾಗಿಯಲ್ಲಂತೂ ಗ್ಲುಟೆನ್ನೇ ಇಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲೇ ಇಂಡಾಫ್ ರಾಗಿ ತಳಿಗಳು ಹುಟ್ಟಿದ್ದು, ನಮಗೆ ರಾಗಿ ಮೇಲೆ ಅಭಿಮಾನ ಇರಬೇಕಾದ್ದೇ. ಆದರೆ ‘ನೂರಕ್ಕೆ ನೂರು ರಾಗಿ ಬ್ರೆಡ್’ ಅಂತ ಯೀಸ್ಟ್ ಹಾಕಿ ಉಬ್ಬಿಸಲು ಹೊರಟರೆ ಗಾಳಿ ನಿಲ್ಲಲು ಒಳಗೆ ಏನೂ ಇರುವುದಿಲ್ಲ. 400 ಗ್ರಾಂ ಮೈದಾಕ್ಕೆ 100 ಗ್ರಾಂ ರಾಗಿ ಹಿಟ್ಟು ಸೇರಿಸಿ. ಘಮ ಚೆನ್ನಾಗಿರುತ್ತದೆ, ನಮ್ಮ ಮನೆಯ ಮಕ್ಕಳು ಬೆಣ್ಣೆ ಸವರಿಕೊಂಡು ಕೇಳಿ ಕೇಳಿ ತಿನ್ನುತ್ತಾರೆ.

ಯೀಸ್ಟ್ ಬಗ್ಗೆ ಅಂಗಡಿಯವರಿಗೂ ಒಂದು ಮಾತು. ದೊಡ್ಡ ಪ್ಯಾಕ್ ಒಡೆದು ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಮಾರುತ್ತಾರೆ. ತಾರೀಖು ಇರುವುದಿಲ್ಲ. ಗಾಳಿ, ತೇವ ತಾಗಿ ಅದು ಎಷ್ಟೋ ಸಲ ಸತ್ತೇ ಹೋಗಿರುತ್ತದೆ. ಉಗುರು ಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ ಹಾಕಿ ಯೀಸ್ಟ್ ಉದುರಿಸಿ, ಹತ್ತು ನಿಮಿಷದಲ್ಲಿ ನೊರೆ ಬರದಿದ್ದರೆ ಎಸೆಯಿರಿ. ನೀವು ‘ಬಿಸಿ ನೀರು’ ಅಂತ ಮಾತ್ರ ಬರೆಯಬೇಡಿ. 60 ಡಿಗ್ರಿಗೆ ಯೀಸ್ಟ್ ಉಳಿಯುವುದಿಲ್ಲ.

ಓವನ್ ಇಲ್ಲದವರು ಗ್ಯಾಸ್ಕೆಟ್, ವೆಯ್ಟ್ ಎರಡೂ ತೆಗೆದ ಹಳೇ ಕುಕ್ಕರಿನಲ್ಲಿ ತಳಕ್ಕೆ ಉಪ್ಪು ಹರಡಿ ಮಾಡಬಹುದು. ಮೇಲ್ಭಾಗ ಕೆಂಪಗಾಗುವುದಿಲ್ಲ, ಅಷ್ಟೇ. ಆದ ಬ್ರೆಡ್ಡನ್ನು ಫ್ರಿಜ್ಜಿನಲ್ಲಿಡಿ ಅಂತಲೂ ಬರೆಯಬೇಡಿ, ಅಲ್ಲಿ ಬೇಗ ಒಣಗಿ ಗಟ್ಟಿಯಾಗುತ್ತದೆ. ಹೊರಗೆ ಎರಡು ದಿನ, ಉಳಿದದ್ದನ್ನು ಹೋಳು ಮಾಡಿ ಫ್ರೀಜರಿಗೆ.

ಇನ್ನೊಂದು. ಪ್ರತಿ ಸಲ ‘ಬೇಕರಿ ಬ್ರೆಡ್ ವಿಷ’ ಅಂತ ಹೆದರಿಸಿಯೇ ಶುರು ಮಾಡಬೇಕೇ? ಬ್ರೆಡ್ ಹಿಟ್ಟಿಗೆ ಬೆರೆಸುತ್ತಿದ್ದ ಪೊಟ್ಯಾಶಿಯಂ ಬ್ರೋಮೇಟ್ ಅನ್ನುವ ರಾಸಾಯನಿಕದ ಬಗ್ಗೆ ಗಲಾಟೆಯಾಗಿದ್ದು ನಿಜ, ಆದರೆ ಅದನ್ನು 2016ರಲ್ಲೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಷೇಧಿಸಿತು. ನಾನು ಮನೆಯಲ್ಲಿ ಮಾಡುವುದು ಹೆದರಿಕೊಂಡಲ್ಲ, ರುಚಿಗೆ, ಮತ್ತೆ ಒಳಗೆ ಏನು ಹಾಕಿದ್ದೇನೆ ಅಂತ ಗೊತ್ತಿರುತ್ತದೆ ಅಂತ. ಅಯ್ಯಂಗಾರ್ ಬೇಕರಿಯ ಖಾರ ಬನ್ನಿಗೆ ಸಂಜೆ ಈಗಲೂ ಹೋಗುತ್ತೇನೆ, ಅದು ಮನೆಯಲ್ಲಿ ಹಾಗೆ ಬರುವುದಿಲ್ಲ.

ಕೇಳುವುದು ಇಷ್ಟೇ. ನಮ್ಮ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಿಂದ ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಹಿಟ್ಟು ಬೀಸುವುದಕ್ಕೂ ಬೇಕರಿಗೂ ಅಂತಲೇ ಅಲ್ಲೊಂದು ವಿಭಾಗ ಇದೆ. ಇದೇ ಊರಿನಲ್ಲಿ ಇಂಥವರನ್ನು ಇಟ್ಟುಕೊಂಡು ಎಲ್ಲಿಯದೋ ರೆಸಿಪಿ ಯಾಕೆ ಹಾಕಬೇಕು? ಅವರಲ್ಲಿ ಯಾರನ್ನಾದರೂ ಕೇಳಿ ಬರೆಸಿ. ಅದಾಗದಿದ್ದರೆ ಇಲ್ಲಿನ ಒಂದು ಅಡುಗೆಮನೆಯಲ್ಲಿ ಇಲ್ಲಿನ ಹಿಟ್ಟಿನಲ್ಲೇ ಒಮ್ಮೆ ಮಾಡಿಸಿ ನೋಡಿ, ಯಾವ ತಿಂಗಳಲ್ಲಿ ಮಾಡಿದ್ದು ಅಂತಲೂ ಹಾಕಿ. ಜಾಗ ಸಾಲದಿದ್ದರೆ ಫೋಟೊ ಚಿಕ್ಕದು ಮಾಡಿ.

– ನಿಮ್ಮ ಓದುಗಳು, ಸರಸ್ವತಿಪುರಂ, ಮೈಸೂರು