ದೊಡ್ಡ್ ಸಿಸ್ಟರ್‌ಗೆ, ಮತ್ತೆ ಉಳಿದ ನಿಮ್ಮೆಲ್ರಿಗೂ

ನನ್ನ ಹೊಸ ಪೋಸ್ಟಿಂಗಿನ ಆರ್ಡರ್ ಕಾಪಿ ಶುಕ್ರವಾರ ಸಂಜೆ ಕೈಗೆ ಬಂತು. ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರಾಗಿದ್ದ ನನ್ನನ್ನ ತಾಲೂಕು ಆರೋಗ್ಯಾಧಿಕಾರಿ ಮಾಡಿದಾರೆ, ನಮ್ಮ ಚಿಕ್ಕಮಗಳೂರು ಜಿಲ್ಲೆನೇ, ತಾಲೂಕು ಮಾತ್ರ ಬೇರೆ. ನಾನು ಮನೇಲಿ ಹೇಳೋಕ್ ಮುಂಚೆನೇ ಯಾರೋ ಪುಣ್ಯಾತ್ಮರು ಅದನ್ನ ಗ್ರೂಪಿಗೆ ಹಾಕಿದಾರೆ, ಅವತ್ತಿಂದ ಫೋನು ಸುಮ್ನಾಗಿಲ್ಲ. ಒಬ್ಬೊಬ್ರಿಗೂ ಉತ್ತರ ಕೊಡೋಕೆ ಆಗ್ತಿಲ್ಲ, ಅದಕ್ಕೆ ಇಲ್ಲೇ ಬರೀತಿದೀನಿ. ಸ್ವಲ್ಪ ಉದ್ದ ಆಗ್ಬಹುದು. ಎಲ್ರಿಗೂ ಸಮಪಾಲು ಹಂಚೋಕೂ ಆಗಲ್ಲ, ಬೇಜಾರ್ ಮಾಡ್ಕೋಬೇಡಿ, ಯಾಕೆ ಅಂತ ಓದ್ತಾ ಗೊತ್ತಾಗುತ್ತೆ.

ಮೊದ್ಲು ಮನೆಯೋರು. ನಾನು ಪಿಜಿಗೆ ಕಮ್ಯುನಿಟಿ ಮೆಡಿಸಿನ್ ತಗೊಂಡಾಗ ಹಾಸನದಲ್ಲಿ ನಮ್ಮ ನೆಂಟರಿಷ್ಟರೆಲ್ಲ ಸೂತಕದ ಮನೆಗೆ ಬಂದಂಗೆ ಬಂದು ಮಾತಾಡಿಸ್ಕೊಂಡ್ ಹೋದ್ರು. ನಮ್ಮ ದೊಡ್ಡಮ್ಮ ಅಂತೂ ತುಂಬ ಕಾಳಜಿಯಿಂದ ಕೇಳಿದ್ರು, "ಅದ್ರಲ್ಲಿ ಮೈಯಲ್ಲಿ ಯಾವ ಭಾಗ ನೋಡೋದಮ್ಮ? ಕಣ್ಣಾ, ಮೂಳೆನಾ?" ಅಂತ. ಯಾವ ಭಾಗನೂ ಅಲ್ಲ ದೊಡ್ಡಮ್ಮ, ಊರು ನೋಡೋದು ಅಂದೆ. ಅವ್ರು ಅಮ್ಮನ ಮುಖ ನೋಡಿದ್ರು. ಬಿಎಂ ರೋಡಲ್ಲಿ ಒಂದ್ ಕ್ಲಿನಿಕ್ ಹಾಕ್ಕೊಂಡ್ರೆ ಕೈತುಂಬ ದುಡ್ಡು ಅನ್ನೋ ಮಾತು ಈಗ್ಲೂ ಹಬ್ಬಕ್ಕೆ ಹೋದಾಗ ಒಂದ್ಸಲ ಬಂದೇ ಬರುತ್ತೆ. ಅಪ್ಪ ಮಾತ್ರ ಒಂದ್ ದಿನನೂ ಆ ಮಾತು ಎತ್ತಿಲ್ಲ. ಥ್ಯಾಂಕ್ಸ್ ಅಪ್ಪ. ಯಜಮಾನ್ರಿಗೆ ಇಲ್ಲಿ ಬರ್ಯಲ್ಲ, ಎದುರಿಗೇ ಹೇಳಿದೀನಿ.

ಈಗ ದೊಡ್ಡ್ ಸಿಸ್ಟರ್.

ಹೆಸ್ರು ಹಾಕ್ಬೇಡಿ ಅಂತ ಆಣೆ ಹಾಕ್ಸಿದಾರೆ. "ಹಾಕಿದ್ರೆ ನಾಳೆಯಿಂದ ಮೀಟಿಂಗಲ್ಲಿ ಎಲ್ಲಾ ತಮಾಷೆ ಮಾಡ್ತಾರೆ ಮೇಡಂ, ಎಂತಕ್ಕೆ ಬೇಕು ಮಾರಾಯ್ರೆ" ಅಂದ್ರು. ಹಾಗಾಗಿ ನಮ್ಮ ಪಿಎಚ್‌ಸಿಲಿ ಎಲ್ರೂ ಕರೆಯೋ ಹಾಗೇ ದೊಡ್ಡ್ ಸಿಸ್ಟರ್. ಕೊಪ್ಪದ ಕಡೆಯವ್ರು. ಎಎನ್‌ಎಂ (ಹಳ್ಳಿ ಮಟ್ಟದ ಆರೋಗ್ಯ ಸಹಾಯಕಿ) ಆಗಿ ಸೇರಿದ್ರು, ಈಗ ಎಲ್‌ಎಚ್‌ವಿ, ಅಂದ್ರೆ ಎಎನ್‌ಎಂಗಳ ಮೇಲ್ವಿಚಾರಕಿ. ಗುಡ್ಡಗಾಡಲ್ಲಿ 3,000 ಜನಕ್ಕೆ ಒಂದು ಸಬ್‌ಸೆಂಟರ್ (ಎಎನ್‌ಎಂ ಕೂರೋ ಉಪಕೇಂದ್ರ), ಬಯಲಲ್ಲಾದ್ರೆ 5,000 ಅಂತ ಸರ್ಕಾರದ ಲೆಕ್ಕ. ಕಾಗದದಲ್ಲಿ ನೋಡಿದ್ರೆ ನಮಗೇ ಆರಾಮು ಅನ್ಸುತ್ತೆ. ಆದ್ರೆ ಇಲ್ಲಿ ಪಕ್ಕದ್ಮನೆ ಅಂದ್ರೆ ಒಂದು ಗುಡ್ಡ ಇಳಿದು, ಸಂಕ (ಕಾಲುಸೇತುವೆ) ದಾಟಿ, ಇನ್ನೊಂದು ಗುಡ್ಡ ಹತ್ತಿದ್ರೆ ಸಿಗೋ ಮನೆ, ಅದೂ ಜುಲೈ ಮಳೇಲಿ ಜಿಗಣೆ ಕೀಳ್ತಾ. ಅಷ್ಟು ವರ್ಷ ಅದನ್ನ ನಡೆದೇ ಮುಗಿಸಿದ ಹೆಂಗಸು.

ಆ ಫೆಬ್ರವರಿ ರಾತ್ರಿ ಏನಾಯ್ತು ಅಂತ ನಿಮಗೆಲ್ಲ ಗೊತ್ತು, ಆ ಹುಡುಗನ ಮನೆಯೋರೂ ಇದನ್ನ ಓದ್ಬಹುದು, ಮತ್ತೆ ಬರೆಯಲ್ಲ. ಗೊತ್ತಿಲ್ದೋರಿಗೆ ಇಷ್ಟು ಸಾಕು: ಮಂಗನ ಕಾಯಿಲೆ, ಅಂದ್ರೆ ಕಾಡಲ್ಲಿ ಉಣುಗು (ಉಣ್ಣೆ ಹುಳ) ಕಚ್ಚಿ ಬರೋ ಜ್ವರದ ಸೀಸನ್ನು, ಕಾಡಿಗೆ ದರಗು (ಒಣ ಎಲೆ) ತರೋಕೆ ಹೋಗ್ತಿದ್ದ ಹುಡುಗ ಉಳೀಲಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದಾಗ ಹಳದಿ ಜ್ವರನೇ ದೇಶಕ್ಕೆ ಬಂತೇನೋ ಅಂತ ಹೆದರಿದ್ರಂತೆ, ಅಲ್ಲಿಂದ ಇಲ್ಲೀವರ್ಗೂ ಇದಕ್ಕೆ ಅಂತಾನೇ ಒಂದು ಔಷಧಿ ಇಲ್ಲ. ಇದ್ದ ಲಸಿಕೆನೂ ಸರಿಯಾಗಿ ಕೆಲ್ಸ ಮಾಡ್ತಿಲ್ಲ ಅಂತ ನಿಂತು ಹೋಗಿತ್ತು. ನಮ್ಮ ಕೈಲಿ ಇದ್ದಿದ್ದು ಉಣುಗು ಕಚ್ಚದಂಗೆ ಹಚ್ಕೊಳೋ ಡೆಪಾ ಎಣ್ಣೆ, ಮತ್ತೆ ಬಾಯಿ. ನೂರರಲ್ಲಿ ಮೂರರಿಂದ ಐದು ಜನ ಸಾಯ್ತಾರೆ ಅಂತ ಪುಸ್ತಕದಲ್ಲಿ ಓದಿದ್ದೆ, ಎಕ್ಸಾಮಲ್ಲೂ ಬರ್ದಿದ್ದೆ. ಅದು ಒಂದೇ ಮನೆಗೆ ಬಂದ್ರೆ ಏನು ಅಂತ ಎಕ್ಸಾಮಲ್ಲಿ ಯಾರೂ ಕೇಳಿರ್ಲಿಲ್ಲ.

ಜನ ಬಂದು ಪಿಎಚ್‌ಸಿ ಮುಂದೆ ನಿಂತ್ರು, ಕೂಗಾಡಿದ್ರು. ನಾನು ಅವ್ರ ಜಾಗದಲ್ಲಿದ್ರೂ ಅದನ್ನೇ ಮಾಡ್ತಿದ್ದೆ. ಅವ್ರು ಹೋದ್ಮೇಲೆ ಒಬ್ರು ದೊಡ್ಡೋರ ಫೋನ್ ಬಂತು, ಅವರಂದ ಮಾತು ಇಲ್ಲಿ ಬೇಡ. ಫೋನ್ ಇಟ್ಟು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತೆ. ಆಚೆ ಬಂದು ಟೇಬಲ್ ಮುಂದೆ ಕೂತು ಮೊಬೈಲಲ್ಲಿ ರಾಜೀನಾಮೆ ಟೈಪ್ ಮಾಡಿದೆ, ನೆಟ್‌ವರ್ಕ್ ಇರ್ಲಿಲ್ಲ, ಮೇಲ್ ಹೋಗ್ಲಿಲ್ಲ. ಮಲೆನಾಡಿನ ನೆಟ್‌ವರ್ಕಿಗೂ ಒಂದ್ ಥ್ಯಾಂಕ್ಸ್ ಹೇಳ್ಬೇಕು ಬಿಡಿ.

ಸಿಸ್ಟರ್ ಡ್ಯೂಟಿ ಸಂಜೆನೇ ಮುಗಿದಿತ್ತು. ಕೊನೆ ಬಸ್ಸೂ ಹೋಗಿತ್ತು. ಅವ್ರು ಸಮಾಧಾನ ಮಾಡೋಕೆ ಬರ್ಲಿಲ್ಲ, ಧೈರ್ಯ ತಗೊಳಿ ಅನ್ಲಿಲ್ಲ, ಬೆನ್ನೂ ಸವರ್ಲಿಲ್ಲ. ಹೆರಿಗೆ ರೂಮಿನ ಹಿಂದಿರೋ ಒಲೇಲಿ ಗಂಜಿ ಕಾಯ್ಸಿ ಮಾವಿನಮಿಡಿ ಉಪ್ಪಿನಕಾಯಿ ಜೊತೆ ತಂದಿಟ್ರು. ಉಣ್ಣೋಕಾಗಲ್ಲ ಸಿಸ್ಟರ್ ಅಂದೆ. "ಉಣ್ಣಿ, ಕೆಲ್ಸ ಉಂಟು" ಅಂದು ಎದ್ರಿಗೆ ಕುರ್ಚಿ ಎಳ್ಕೊಂಡ್ ಕೂತು ಒಂದು ಲಾಂಗ್ ನೋಟ್‌ಬುಕ್ ತೆಗೆದ್ರು.

ಆಮೇಲೆ ಶುರು ಮಾಡಿದ್ರು ನೋಡಿ. ಆ ಹುಡುಗನ ಮನೆಯಿಂದ ಹಿಡಿದು ಆ ದಾರೀಲಿ ಒಂದೊಂದೇ ಮನೆ, ಯಾರು ಸೊಪ್ಪಿಗೆ ಹೋಗ್ತಾರೆ, ಯಾರು ಸೌದೆಗೆ, ಯಾರ ದನ ಯಾವ ಕಾಡಲ್ಲಿ ಮೇಯುತ್ತೆ, ಯಾರ ಮನೆಗೆ ಹೋದ ವಾರ ಮಗಳು ಬಂದು ಹೋದ್ಲು, ಯಾವ ಎಸ್ಟೇಟ್ ಲೈನಲ್ಲಿ ಅಸ್ಸಾಂ ಕಡೆಯ ಹೊಸ ಆಳುಗಳು ಬಂದಿದಾರೆ. ಎಲ್ಲಾ ಬಾಯಲ್ಲೇ. ನಾನ್ ಬರ್ಕೊಳ್ತಾ ಹೋದೆ. ಎಂಡಿಲಿ ನಮಗೆ ಲೈನ್ ಲಿಸ್ಟ್ (ಒಬ್ಬೊಬ್ಬ ರೋಗಿಗೂ ಒಂದೊಂದು ಸಾಲಿನ ಪಟ್ಟಿ) ಮಾಡೋದು ಕಲ್ಸಿದಾರೆ, ಎಕ್ಸೆಲ್ಲಲ್ಲಿ ಎಷ್ಟು ಕಾಲಂ ಇರ್ಬೇಕು ಅಂತ ಈಗ್ಲೂ ಕಣ್ ಮುಚ್ಕೊಂಡು ಹೇಳ್ತೀನಿ. ಆ ಕಾಲಮ್ಮು ತುಂಬೋದು ಯಾರ ತಲೆಯಿಂದ ಅಂತ ಆ ರಾತ್ರಿ ನೋಡ್ದೆ.

ಒಂದ್ ಮನೆ ಹತ್ರ ಬಂದಾಗ ಸಿಸ್ಟರ್ ನಿಲ್ಸಿದ್ರು. ಆ ಮನೇಲಿ ಅಜ್ಜಿಗೆ ಜ್ವರ ಇತ್ತು, ಬಿಟ್ಟಿದೆ ಅಂತ ಊರಿನ ಆಶಾ ಕಾರ್ಯಕರ್ತೆ ಹೇಳಿದ್ದಾಗಿತ್ತು, ಪಟ್ಟಿಯಿಂದ ತೆಗ್ದಿದ್ವಿ. "ಮೇಡಂ, ಡೈರಿಗೆ ಹಾಲು ಹಾಕೋಕೆ ಯಾವತ್ತೂ ಅಜ್ಜಿನೇ ಬರೋದು. ನಿನ್ನೆ ಇವತ್ತು ಸೊಸೆ ಬಂದಿದ್ಲು" ಅಂದ್ರು. ನನ್ ಮೈ ಜುಂ ಅಂತು, ಯಾಕಂದ್ರೆ ಈ ಕಾಯಿಲೆ ಒಂದ್ಸಲ ಬಿಟ್ಟಂಗೆ ಮಾಡಿ ಕೆಲವ್ರಿಗೆ ವಾರ ಎರಡು ವಾರದಲ್ಲಿ ಮತ್ತೆ ತಿರುಗಿ ಬರುತ್ತೆ, ಆ ಎರಡನೇ ಸಲದ್ದು ತಲೆಗೆ ಹೋಗ್ಬಹುದು. ಇದು ನನಗೆ ಗೊತ್ತಿತ್ತು. ಹಾಲಿನ ಸುದ್ದಿ ಗೊತ್ತಿರ್ಲಿಲ್ಲ. ಬೆಳಕು ಹರಿಯೋಕ್ ಮುಂಚೆ ಆಂಬ್ಯುಲೆನ್ಸ್ ಡ್ರೈವರಣ್ಣನ್ನ ಎಬ್ಬಿಸಿ ಹೋದ್ವಿ. ಅಜ್ಜಿ ಕಂಬಳಿ ಹೊದ್ಕೊಂಡು ಒಲೆ ಪಕ್ಕ ಮುದುಡಿಕೊಂಡಿದ್ರು, ಕೇಳಿದ್ದಕ್ಕೆ ಏನೇನೋ ಸಂಬಂಧ ಇಲ್ದ ಉತ್ತರ. ಆಸ್ಪತ್ರೆಗೆ ಬರಲ್ಲ ಅಂತ ಹಠ, ಸಿಸ್ಟರ್ ಬೈದ ಬೈಗುಳ ಇಲ್ಲಿ ಬರೆದ್ರೆ ಡಿಪಾರ್ಟ್‌ಮೆಂಟ್ ಎನ್‌ಕ್ವೈರಿ ಆಗುತ್ತೆ. ಅಜ್ಜಿ ಈಗ ಗಟ್ಟಿಮುಟ್ಟಾಗಿದಾರೆ, ಹೋದ ತಿಂಗಳು ನನಗೆ ಕೆಸುವಿನ ಪತ್ರೊಡೆ ಕಳಿಸಿದ್ರು.

ಅದೇ ಬೆಳಗ್ಗೆ ಹುಡುಗನ ಮನೆಗೆ ಹೋಗ್ಬೇಕಿತ್ತು. ನನ್ ಬ್ಯಾಗಲ್ಲಿ ಕೇಸ್ ಇನ್ವೆಸ್ಟಿಗೇಷನ್ ಫಾರಂ ಇತ್ತು, ಮೇಲಿಂದ ಆಗ್ಲೇ ಬೇಕು ಅಂತ ಮೆಸೇಜ್ ಮೇಲೆ ಮೆಸೇಜು. ಗೇಟ್ ಹತ್ರ ಸಿಸ್ಟರ್ ನನ್ನ ಕೈ ಹಿಡಿದು ನಿಲ್ಸಿ "ಇವತ್ತು ಆ ಫಾರಂ ತೆಗೀಬೇಡಿ, ಸುಮ್ನೆ ಕೂತು ಬರೋಣ" ಅಂದ್ರು. ಹೋಗಿ ಜಗಲಿ ಮೇಲೆ ಕೂತ್ವಿ. ಯಾರೂ ನೀರು ಬೇಕಾ ಅಂತ ಕೇಳ್ಲಿಲ್ಲ, ಕೇಳ್ಬೇಕಾಗೂ ಇರ್ಲಿಲ್ಲ. ತುಂಬ ಹೊತ್ತಾದ್ಮೇಲೆ ಅವ್ನ ಅಮ್ಮ ಬಂದು ಸಿಸ್ಟರ್ ಪಕ್ಕ ಕೂತು, ಇವ್ನು ಹುಟ್ಟಿದಾಗ ನೀವೇ ತಾನೆ ತೂಕ ನೋಡಿದ್ದು ಅಂದ್ರು. ಸಿಸ್ಟರ್ "ಹೌದು, ಎರಡು ಮುಕ್ಕಾಲು" ಅಂದ್ರು.

ಇದಕ್ಕಿಂತ ಹೆಚ್ಚು ನನಗೆ ಬರೆಯೋಕಾಗಲ್ಲ.

ಮಾರನೇ ದಿನ ಆ ಫಾರಂನ ಹುಡುಗನ ಅಪ್ಪನೇ ತುಂಬಿಸಿದ್ರು, ಅಷ್ಟೇ ಅಲ್ಲ, ಕಾಡಲ್ಲಿ ಮಂಗ ಸತ್ತಿದ್ದ ಜಾಗನೂ ಅವ್ರೇ ಕರ್ಕೊಂಡ್ ಹೋಗಿ ತೋರ್ಸಿದ್ರು, ಅದಾದ್ಮೇಲೆ ಆ ಕೇರೀಲಿ ಟೆಸ್ಟಿಗೆ ರಕ್ತ ಕೊಡಲ್ಲ ಅಂತ ಒಬ್ರೂ ಅನ್ಲಿಲ್ಲ. ಆವತ್ತು ಮೊದಲ್ನೇ ದಿನನೇ ಪೆನ್ ತೆಗ್ದಿದ್ರೆ ಆ ಊರು ನಮಗೆ ಬಾಗಿಲು ಹಾಕ್ಕೊಂಡಿರೋದು, ಅದ್ರಲ್ಲಿ ನನಗೆ ಅನುಮಾನನೇ ಇಲ್ಲ.

ಕೆಲ ತಿಂಗಳಾದ್ಮೇಲೆ ಬೆಂಗಳೂರಲ್ಲಿ ಲೀಡರ್‌ಶಿಪ್ ಟ್ರೈನಿಂಗ್ ಅಂತ ಕಳ್ಸಿದ್ರು. ಹಳೇ ಪೇಪರಲ್ಲಿ ಟವರ್ ಕಟ್ಸಿದ್ರು, ಬಲೂನ್ ಊದ್ಸಿದ್ರು, ಊಟ ಚೆನ್ನಾಗಿತ್ತು. ನೀವು ಕಂಡ ಒಬ್ಬ ಲೀಡರ್ ಬಗ್ಗೆ ಹೇಳಿ ಅಂದಾಗ ಎಲ್ರೂ ಕಮಿಷನರು, ಡೈರೆಕ್ಟರು ಅಂತ ಹೇಳ್ತಾ ಇದ್ರು, ನಾನು ಹಾಲಿನ ಡೈರಿ ಕಥೆ ಹೇಳ್ದೆ. ಟ್ರೈನರು ಬೋರ್ಡ್ ಮೇಲೆ ಇಂಗ್ಲಿಷಲ್ಲಿ ಏನೋ ದೊಡ್ಡ ಪದ ಬರೆದು ಅದರ ಕೆಳಗೆ ಗೆರೆ ಎಳೆದ್ರು. ಇರ್ಲಿ.

ನನಗೆ ಚುಚ್ತಾ ಇರೋ ವಿಷ್ಯ ಬೇರೆ. ಆ ರಾತ್ರಿ ಕೆಲ್ಸ ಮಾಡಿದ್ದು ಇಬ್ರು. ರಿಪೋರ್ಟಿಗೆ ಸೈನ್ ನನ್ನದು, ಶಹಬ್ಬಾಸ್ ಬಂದಿದ್ದೂ ನನಗೆ, ಇವತ್ತು ಆರ್ಡರ್ ಬಂದಿರೋದೂ ನನಗೆ. ಸಿಸ್ಟರ್ ಅದೇ ಕುರ್ಚೀಲಿದಾರೆ, ಅಲ್ಲಿಂದ ಮೇಲಕ್ಕೆ ಅವ್ರಿಗೆ ಹೆಚ್ಚು ಮೆಟ್ಲಿಲ್ಲ. ಆಶಾದವ್ರಿಗಂತೂ ಏಣಿನೇ ಇಲ್ಲ, 2005ರಲ್ಲಿ ಎನ್‌ಆರ್‌ಎಚ್‌ಎಂ (ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ) ಜೊತೆ ಆ ಕೆಲ್ಸ ಹುಟ್ಟಿದಾಗಿಂದ ಗೌರವಧನ, ಸಂಬಳ ಅಲ್ಲ. ಪಬ್ಲಿಕ್ ಹೆಲ್ತ್ ಕೆರಿಯರ್ ಅಂತ ನಾವು ಮಾತಾಡೋವಾಗೆಲ್ಲ ಡಾಕ್ಟರ ಕೆರಿಯರ್ ಬಗ್ಗೆನೇ ಮಾತಾಡ್ತೀವಿ.

ಆ ಮಾತು ಬಂತಲ್ಲ, ಕೆಲವು ಜೂನಿಯರ್ಸ್ ಮೆಸೇಜ್ ಮಾಡಿ ಮೇಡಂ ನಾವೂ ಈ ಲೈನಿಗೆ ಬರ್ಬಹುದಾ, ಎಂಪಿಎಚ್ (ಪಬ್ಲಿಕ್ ಹೆಲ್ತಲ್ಲಿ ಮಾಸ್ಟರ್ಸ್) ಮಾಡಿದ್ರೆ ಕೆಲ್ಸ ಸಿಗುತ್ತಾ ಅಂತ ಕೇಳಿದೀರಿ. ಬನ್ನಿ, ಆದ್ರೆ ಕಣ್ ಬಿಟ್ಕೊಂಡ್ ಬನ್ನಿ. ಎಂಪಿಎಚ್ ಡಾಕ್ಟರಲ್ದೋರೂ ಮಾಡ್ಬಹುದು, ಒಳ್ಳೊಳ್ಳೆ ಹುಡುಗ್ರು ನರ್ಸಿಂಗ್, ಸೋಷಿಯಲ್ ವರ್ಕ್ ಕಡೆಯಿಂದನೂ ಬರ್ತಿದಾರೆ. ಸಿಗೋ ಕೆಲ್ಸ ಜಾಸ್ತಿ ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆ, ಮಾರ್ಚ್ ಬಂದ್ರೆ ರಿನ್ಯೂವಲ್ ಆಗುತ್ತೋ ಇಲ್ವೋ ಅಂತ ಹೊಟ್ಟೇಲಿ ಸಂಕಟ. ಪಕ್ಕದ ತಮಿಳುನಾಡಲ್ಲಿ ಪಬ್ಲಿಕ್ ಹೆಲ್ತ್‌ಗೇ ಬೇರೆ ಡೈರೆಕ್ಟರೇಟು, ಬೇರೆ ಕೇಡರ್ರು (ಅದಕ್ಕೇ ಮೀಸಲಾದ ಸಿಬ್ಬಂದಿ ವರ್ಗ) ಇದೆ, 1939ರಲ್ಲೇ ಕಾಯ್ದೆ ಮಾಡ್ಕೊಂಡಿರೋರು ಅವ್ರು. ಎಲ್ಲಾ ರಾಜ್ಯಗಳೂ ಹಂಗೊಂದು ಕೇಡರ್ ಮಾಡ್ಲಿ ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತೀಲೂ ಬರೆದಿದಾರೆ. ಅದು ಕಾಗದದಿಂದ ಕೆಳಗಿಳಿದ್ರೆ ನಿಮ್ ಕಾಲಕ್ಕೆ ದಾರಿ ಸ್ವಲ್ಪ ಸಲೀಸಾಗ್ಬಹುದು. ಮತ್ತೊಂದು, ಮೊದಲ್ನೇ ಪೋಸ್ಟಿಂಗಲ್ಲಿ ಆರು ತಿಂಗಳು ಎಎನ್‌ಎಂ ಹಿಂದೆ ನಡೀರಿ, ಬಾಯಿ ಮುಚ್ಕೊಂಡು. ಎಲ್ಲಾ ಪಿಎಚ್‌ಸಿಲೂ ಒಬ್ರು ದೊಡ್ಡ್ ಸಿಸ್ಟರ್ ಇರ್ತಾರೆ ಅಂತ ಗ್ಯಾರಂಟಿ ಕೊಡಲ್ಲ. ಇದ್ರೆ ಮಾತ್ರ ಬಿಡ್ಬೇಡಿ.

ಉಳಿದೋರು. ಡ್ರೈವರಣ್ಣ, ಸ್ಯಾಂಪಲ್ ಡಬ್ಬಿನ ಐಸ್ ಪ್ಯಾಕ್ ಜೊತೆ ಮಗು ಥರ ತೊಡೆ ಮೇಲಿಟ್ಕೊಂಡು ಶಿವಮೊಗ್ಗ ಲ್ಯಾಬಿಗೆ ಓಡ್ತಿದ್ದ ನಮ್ಮ ಲ್ಯಾಬ್ ಟೆಕ್ನಿಷಿಯನ್, ಬೈದ್ರೂ ಬೈಸ್ಕೊಂಡು ಎಣ್ಣೆ ಬಾಟ್ಲಿ ಹಂಚಿದ ಆಶಾ ಕಾರ್ಯಕರ್ತೆಯರು, ಮಂಗ ಸತ್ರೆ ಅರ್ಧ ರಾತ್ರೀಲೂ ಫೋನ್ ಮಾಡ್ತಿದ್ದ ಫಾರೆಸ್ಟ್ ವಾಚರ್‌ಗಳು, ಪಂಚಾಯ್ತಿಯೋರು, ಪಿಜಿ ಗೈಡ್ ಸರ್, ಹಾಸ್ಟೆಲ್ ಗೆಳತಿಯರು, ಫಾರ್ಮಸಿಯವ್ರು, ನಮ್ಮ ಮಗಳನ್ನ ಸ್ಕೂಲಿಂದ ಕರ್ಕೊಂಡ್ ಬರ್ತಿದ್ದ ಪಕ್ಕದ್ಮನೆ ಆಂಟಿ, ಎಲ್ರಿಗೂ ಕೈಮುಗಿದು ಥ್ಯಾಂಕ್ಸ್. ಒಂದೇ ವಾಕ್ಯದಲ್ಲಿ ಮುಗ್ಸಿದ್ಲು ಅಂತ ಬೈಕೊಳ್ಳಿ, ಪರ್ವಾಗಿಲ್ಲ, ಬಂದಾಗ ಒಬ್ಬೊಬ್ರಿಗೂ ಬೇರೆ ಬೇರೆ ಕಾಫಿ ಕೊಡಿಸ್ತೀನಿ.

ಸೋಮವಾರ ಚಾರ್ಜ್ ತಗೋತೀನಿ. ಹೊಸ ತಾಲೂಕಲ್ಲಿ ಡಿಸೆಂಬರ್ ಒಳಗೆ ಎಲ್ಲಾ ಸಿಬ್ಬಂದಿಗೆ ಜ್ವರದ ಸರ್ವೆ ಬಗ್ಗೆ ಟ್ರೈನಿಂಗ್ ಇಡ್ಬೇಕು ಅಂತಿದೀನಿ. ರಿಸೋರ್ಸ್ ಪರ್ಸನ್ ಆಗಿ ದೊಡ್ಡ್ ಸಿಸ್ಟರ್ನ ಕರೆಸೋಣ ಅಂತ ನಿನ್ನೆ ಅವ್ರನ್ನೇ ಕೇಳ್ದೆ. "ಪಿಪಿಟಿ ಗಿಪಿಟಿ ನಂಗೆ ಬರೂದಿಲ್ಲ ಮೇಡಂ" ಅಂದ್ರು. ಬೇಡ ಸಿಸ್ಟರ್, ನಿಮ್ ನೋಟ್‌ಬುಕ್ ತನ್ನಿ ಸಾಕು ಅಂದೆ. ಸ್ವಲ್ಪ ಹೊತ್ತು ಯೋಚ್ನೆ ಮಾಡಿ, "ಟಿಎ ಕೊಡ್ತೀರಾ?" ಅಂತ ಕೇಳಿದ್ರು. ಕೊಡ್ತೀನಿ ಅಂದಿದೀನಿ. ಯಾವ ಬಜೆಟ್ ಹೆಡ್ಡಲ್ಲಿ ಕೊಡ್ಬೇಕು ಅಂತ ಗೊತ್ತಿರೋರು ಯಾರಾದ್ರೂ ಇದ್ರೆ ಮೆಸೇಜ್ ಮಾಡಿ.